ಸಿಸ್ಟರ್ ಹತ್ರ ಕೇಳಿ: ಬಿಪಿ, ಶುಗರ್ ಇರೋರನ್ನ ಮನೇಲಿ ನೋಡ್ಕೊಳೋದು

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಬಿಪಿ, ಶುಗರ್ ಬಗ್ಗೇನೇ. ಬರೆದಿರೋರಲ್ಲೂ ಕಾಯಿಲೆ ಇರೋರಿಗಿಂತ ಅವ್ರ ಮಗಳು, ಮಗ, ಹೆಂಡ್ತಿನೇ ಜಾಸ್ತಿ. ಡಾಕ್ಟರ್ ನಿಮ್ಮನ್ನ ನೋಡೋದು ಮೂರು ತಿಂಗಳಿಗೊಂದ್ಸಲ, ಅದೂ ಹತ್ತು ನಿಮಿಷ, ಮಿಕ್ಕಿದ್ದೆಲ್ಲ ಮನೇಲೇ ನಡೀಬೇಕು, ಅದಕ್ಕೇ ಸ್ವಲ್ಪ ಬಿಡಿಸಿ ಬರೀತಿದೀನಿ. ಮಾತ್ರೆ ಬದಲಾಯಿಸೋದು, ಡೋಸ್ ಏರ್ಸೋದು ಇಳ್ಸೋದು ನಿಮ್ಮ ಡಾಕ್ಟರ್ ಕೆಲ್ಸ, ಅದನ್ನ ನಾನಿಲ್ಲಿ ಹೇಳಲ್ಲ. ವಾರ್ಡಲ್ಲೂ ಆಮೇಲೆ ಬಿಪಿ-ಶುಗರ್ ಕ್ಲಿನಿಕ್ಕಲ್ಲೂ ನರ್ಸಾಗಿ ನೋಡಿರೋದನ್ನ ಹೇಳ್ತೀನಿ.

ಪ್ರಶ್ನೆ: ಅಮ್ಮನಿಗೆ 68. ಮನೇಲಿ ಬಿಪಿ ಮಷಿನ್ ತಂದಿಟ್ಟಿದೀವಿ. ಬೆಳಗ್ಗೆ 158, ಐದು ನಿಮಿಷ ಬಿಟ್ಟು 140, ಸಂಜೆ 132, ರಾತ್ರಿ ಮತ್ತೆ 160. ಅಮ್ಮ ಹೆದರ್ಕೊಂಡು ಮತ್ತೆ ಮತ್ತೆ ನೋಡ್ತಾರೆ, ನೋಡಿದಷ್ಟೂ ಏರತ್ತೆ. ಅಣ್ಣ ಮಷಿನ್ನೇ ಸರಿ ಇಲ್ಲ ಅಂತಾನೆ. ಯಾವ್ದನ್ನ ನಂಬೋದು?
(ವಿಜಯನಗರದ ಓದುಗರು)

ಉತ್ತರ: ಒಂದೇ ಒಂದು ರೀಡಿಂಗ್ ನೋಡಿ ಯಾವ ತೀರ್ಮಾನಕ್ಕೂ ಬರ್ಬೇಡಿ ಕಣಮ್ಮ, ಒಂದು ವಾರದ ಸರಾಸರಿ ನೋಡಿ. ಬಿಪಿ ದಿನಪೂರ್ತಿ ಏರ್ತಾ ಇಳೀತಾ ಇರೋದೇ ಅದರ ಸ್ವಭಾವ. ಮೆಟ್ಟಿಲು ಹತ್ತಿ ಬಂದ್ರೆ ಏರತ್ತೆ, ಮೂತ್ರ ತಡ್ಕೊಂಡು ಕೂತ್ರೆ ಏರತ್ತೆ, ಕಾಫಿ ಕುಡಿದ ಅರ್ಧ ಗಂಟೆ ಒಳಗೆ ನೋಡಿದ್ರೆ ಏರತ್ತೆ, ನೋಡೋವಾಗ ಮಾತಾಡಿದ್ರೂ ಏರತ್ತೆ. ಮನೆ ಮನೇಲಿ ನಾನು ನೋಡೋದೇನು ಅಂದ್ರೆ, ಅಮ್ಮ ಮಂಚದ ತುದೀಲಿ ಕಾಲು ಇಳಿಬಿಟ್ಕೊಂಡು ಕೂತಿರ್ತಾರೆ, ಕೈ ತೊಡೆ ಮೇಲಿರತ್ತೆ, ಪಟ್ಟಿಯನ್ನ ಸ್ವೆಟರ್ ಮೇಲೇ ಸುತ್ತಿರ್ತಾರೆ, ಟಿವಿ ಓಡ್ತಿರತ್ತೆ, ಪಕ್ಕದಲ್ಲಿ ಮೂರು ಜನ ನಿಂತ್ಕೊಂಡು ಎಷ್ಟು ಬಂತು ಎಷ್ಟು ಬಂತು ಅಂತಿರ್ತಾರೆ. ಅದ್ರಲ್ಲಿ ಯಾರಿಗೆ ಬಿಪಿ ಸರಿಯಾಗಿ ಬರತ್ತೆ ಹೇಳಿ.

ಹೀಗ್ ಮಾಡಿ. ಬೆನ್ನು ಒರಗಿಸೋ ಕುರ್ಚೀಲಿ ಕೂರಿಸಿ, ಎರಡೂ ಪಾದ ನೆಲದ ಮೇಲೆ ಇರ್ಲಿ, ಕಾಲ ಮೇಲೆ ಕಾಲು ಬೇಡ. ಐದು ನಿಮಿಷ ಸುಮ್ನೆ ಕೂರ್ಲಿ. ಕೈಯನ್ನ ಟೇಬಲ್ ಮೇಲಿಟ್ಟು, ಪಟ್ಟಿ ಎದೆ ಮಟ್ಟಕ್ಕೆ ಬರೋ ಹಾಗೆ ಮಾಡಿ, ಪಟ್ಟಿ ಬರಿ ತೋಳಿಗೆ ಸುತ್ತಿ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ, ಎರಡನ್ನೂ ಬರೀರಿ. ಬೆಳಗ್ಗೆ ಮಾತ್ರೆ ತಗೊಳೋ ಮುಂಚೆ ಒಂದು ಹೊತ್ತು, ಸಂಜೆ ಒಂದು ಹೊತ್ತು, ಹೀಗೆ ಏಳು ದಿನ. ಮೊದಲನೇ ದಿನದ್ದು ಬಿಟ್ಬಿಡಿ, ಉಳಿದಿದ್ದರ ಸರಾಸರಿ ತೆಗೀರಿ. ಮನೇಲಿ ನೋಡಿದ ಸರಾಸರಿ 135/85 ದಾಟಿದ್ರೆ ಅದು ಜಾಸ್ತಿ ಅಂತ ಲೆಕ್ಕ, ಕ್ಲಿನಿಕ್ಕಲ್ಲಿ ಆ ಗೆರೆ 140/90. ಮಾತ್ರೆ ಶುರುವಾದ ಮೇಲೆ ಎಲ್ಲಿಗೆ ಇಳೀಬೇಕು ಅನ್ನೋದು ಅಮ್ಮನ ವಯಸ್ಸು, ಕಿಡ್ನಿ, ಶುಗರ್ ನೋಡಿ ಡಾಕ್ಟರ್ ಹೇಳ್ತಾರೆ, ಆ ನಂಬರ್ ಕೇಳಿ ಬರ್ಕೊಂಡು ಬನ್ನಿ.

ಮಷಿನ್ ಬಗ್ಗೆ ಅಣ್ಣ ಹೇಳಿದ್ದನ್ನೂ ತಳ್ಳಿಹಾಕ್ಬೇಡಿ. ಮಣಿಕಟ್ಟಿಗೆ ಕಟ್ಟೋದಾದ್ರೆ ಅದು ಅಷ್ಟು ನಂಬಿಕಸ್ತ ಅಲ್ಲ, ತೋಳಿಗೆ ಸುತ್ತೋದೇ ತಗೊಳಿ. ಅಮ್ಮನ ತೋಳು ದಪ್ಪ ಇದ್ದು ಪಟ್ಟಿ ಚಿಕ್ಕದಾಗಿದ್ರೆ ಸುಳ್ಳೇ ಜಾಸ್ತಿ ತೋರ್ಸತ್ತೆ, ದೊಡ್ಡ ಪಟ್ಟಿ ಬೇರೆಯಾಗೇ ಸಿಗತ್ತೆ. ಮುಂದಿನ ಸಲ ಡಾಕ್ಟರ್ ಹತ್ರ ಹೋಗೋವಾಗ ಮಷಿನ್ನೂ ಎತ್ಕೊಂಡು ಹೋಗಿ, ಅಲ್ಲಿನದ್ದಕ್ಕೂ ಇದಕ್ಕೂ ಹೋಲ್ಸಿ ನೋಡ್ತೀವಿ, ಇದು ನಮಗೇನೂ ತೊಂದ್ರೆ ಅಲ್ಲ.

ಇನ್ನೊಂದು ಮಾತು. ಬರೆಯೋ ಪುಸ್ತಕ ಅಮ್ಮನ ಕೈಲೇ ಇರ್ಲಿ. ನೀವು ನೋಡಿ ನೀವು ಬರೆದು ನೀವು ಮುಖ ಸಪ್ಪಗೆ ಮಾಡ್ಕೊಂಡ್ರೆ ಅವ್ರಿಗೆ ಹೆದರಿಕೆ ಮಾತ್ರ ಉಳಿಯತ್ತೆ. ಅವ್ರೇ ಬರ್ಕೊಂಡ್ರೆ, ಓ ನಿನ್ನೆ ನಿದ್ದೆ ಇರ್ಲಿಲ್ಲ ಅದಕ್ಕೆ ಏರಿದೆ ಅಂತ ಅವ್ರಿಗೇ ಗೊತ್ತಾಗತ್ತೆ. ಹೊತ್ತಿಗೆ ಎರಡು ಸಲಕ್ಕಿಂತ ಜಾಸ್ತಿ ನೋಡೋದು ಬೇಡ ಅಂತ ಮೊದಲೇ ಒಪ್ಪಿಸಿ. ಆದ್ರೆ 180/120 ದಾಟಿ, ಜೊತೆಗೆ ಎದೆನೋವು, ಉಸಿರುಕಟ್ಟೋದು, ಕಣ್ಣು ಮಂಜಾಗೋದು, ಮಾತು ತೊದಲೋದು ಇದ್ರೆ ಮತ್ತೊಂದು ರೀಡಿಂಗ್‌ಗೆ ಕಾಯದೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾನು ಆಟೋ ಓಡಿಸ್ತೀನಿ, ವಯಸ್ಸು 46. ಶುಗರ್‌ಗೆ ಬೆಳಗ್ಗೆ ಒಂದು ಮಾತ್ರೆ ರಾತ್ರಿ ಒಂದು, ಬಿಪಿಗೂ ಒಂದಿದೆ. ಬೆಳಗ್ಗೆ ಮಾತ್ರೆ ನುಂಗಿ ಟೀ ಕುಡಿದು ಹೊರಟ್ರೆ ತಿಂಡಿಗೆ ಹನ್ನೊಂದೂ ಆಗತ್ತೆ ಹನ್ನೆರಡೂ ಆಗತ್ತೆ. ಒಂದೊಂದ್ಸಲ ಸಿಗ್ನಲ್ಲಲ್ಲಿ ನಿಂತಾಗ ಮೈಯೆಲ್ಲ ಬೆವರಿ ಕೈ ನಡುಗತ್ತೆ, ಏನೂ ತೋಚಲ್ಲ. ಶುಗರ್ ಜಾಸ್ತಿ ಆಗಿ ಹಿಂಗಾಗತ್ತಾ?
(ಲಗ್ಗೆರೆಯ ಓದುಗರು)

ಉತ್ತರ: ಇಲ್ಲ ಅಣ್ಣ, ನೀವು ಹೇಳ್ತಿರೋದು ಶುಗರ್ ಇಳಿದಾಗ ಆಗೋ ಥರ ಕಾಣ್ತಿದೆ. ಲೋ ಶುಗರ್ ಅಂತೀವಿ, ರಕ್ತದಲ್ಲಿ 70ಕ್ಕಿಂತ ಕೆಳಗೆ ಬಂದ್ರೆ. ಬೆವರು, ನಡುಕ, ಎದೆ ಢವಢವ, ಹಸಿವು, ಸಿಟ್ಟು, ಕಣ್ಣು ಕತ್ತಲೆ, ಆಮೇಲೆ ತಲೆ ಓಡದೆ ಇರೋದು. ಜಾಸ್ತಿ ಶುಗರ್ ವರ್ಷಗಟ್ಟಲೆ ನಿಧಾನಕ್ಕೆ ಹಾಳು ಮಾಡತ್ತೆ, ಇದು ಹತ್ತು ನಿಮಿಷದಲ್ಲಿ ಗಾಡಿ ಸಮೇತ ಬೀಳ್ಸತ್ತೆ, ನಿಮ್ಮ ಹಿಂದೆ ಕೂತಿರೋರನ್ನೂ ಸೇರ್ಸಿ. ದಯವಿಟ್ಟು ಹಗುರಕ್ಕೆ ತಗೋಬೇಡಿ.

ಮಾತ್ರೆ ಪಟ್ಟಿ ಮೇಲೆ ಗ್ಲಿಮಿಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಅಂತೇನಾದ್ರೂ ಇದ್ರೆ, ಅವು ನೀವು ತಿಂದ್ರೂ ತಿನ್ನದೇ ಇದ್ರೂ ಶುಗರ್ ಇಳಿಸೋ ಮಾತ್ರೆಗಳು. ಅವನ್ನ ನುಂಗಿ ನಾಲ್ಕು ಗಂಟೆ ಬರೀ ಟೀ ಮೇಲೆ ಇರಕ್ಕಾಗಲ್ಲ. ಬರೀ ಮೆಟ್‌ಫಾರ್ಮಿನ್ ಆದ್ರೆ ಹಿಂಗೆ ಇಳಿಯೋದು ಅಪರೂಪ. ಬಿಪಿ ಮಾತ್ರೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ್ದಾಗಿದ್ರೆ ಅದನ್ನೂ ಹೇಳ್ಬೇಕು, ಯಾಕಂದ್ರೆ ಅವು ಎದೆ ಢವಢವ, ನಡುಕ ಎರಡನ್ನೂ ಮುಚ್ಚಿಬಿಡತ್ತೆ, ಬೆವರು ಮಾತ್ರ ಬರತ್ತೆ, ಹಾಗಾಗಿ ಸೆಖೆ ಇಲ್ದೆ ಸುಮ್ಸುಮ್ನೆ ತಣ್ಣಗೆ ಬೆವರಿದ್ರೆ ಅದೇ ನಿಮಗೆ ಸೂಚನೆ.

ಹಂಗಾದ ತಕ್ಷಣ ಗಾಡಿ ಸೈಡಿಗೆ ಹಾಕಿ, ಆಫ್ ಮಾಡಿ. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ನೀರಿಗೆ ಹಾಕ್ಕೊಂಡು ಕುಡೀರಿ. ಹದಿನೈದು ನಿಮಿಷ ಕೂರಿ. ಸರಿ ಹೋಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ಅಷ್ಟೇ. ಸರಿ ಹೋದ್ಮೇಲೆ ಇಡ್ಲಿನೋ ಚಪಾತಿನೋ ಬಿಸ್ಕತ್ತೋ ಏನಾದ್ರೂ ತಿನ್ಲೇಬೇಕು, ಆ ಮಾತ್ರೆಗಳ ಪರಿಣಾಮ ಗಂಟೆಗಟ್ಟಲೆ ಇರೋದ್ರಿಂದ ಮತ್ತೆ ಇಳಿಯತ್ತೆ. ಸರಿ ಅನಿಸಿದ ಮೇಲೂ ಮುಕ್ಕಾಲು ಗಂಟೆ ಗಾಡಿ ಎತ್ತಬೇಡಿ. ಚಾಕೊಲೇಟ್ ಮೊದಲು ಬೇಡ, ಅದರ ಕೊಬ್ಬಿಂದ ಸಕ್ಕರೆ ನಿಧಾನಕ್ಕೆ ಸೇರತ್ತೆ.

ಮಾತ್ರೆ ಪಟ್ಟಿ ಮೇಲೆ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಅಂತಾನೂ ಇದ್ಯಾ ನೋಡಿ, ಮೂರು ಔಷಧಿ ಸೇರ್ಸಿರೋ ಮಾತ್ರೆಗಳಲ್ಲಿ ಕೆಲವಕ್ಕೆ ವೊಗ್ಲಿಬೋಸ್ ಇರತ್ತೆ. ಅದಿದ್ರೆ ಮನೆ ಸಕ್ಕರೆ ಬೇಗ ಕೆಲ್ಸ ಮಾಡಲ್ಲ, ಸಕ್ಕರೆಯನ್ನ ಒಡೆಯೋದನ್ನೇ ಆ ಔಷಧಿ ತಡೆಯತ್ತೆ, ಗ್ಲುಕೋಸ್ ಪುಡಿನೇ ಬೇಕು. ಎಷ್ಟೋ ಜನಕ್ಕೆ ಇದನ್ನ ಯಾರೂ ಹೇಳೇ ಇರಲ್ಲ. ಗ್ಲುಕೋಸ್ ಪುಡಿ ಪೊಟ್ಟಣ ಒಂದು ಷರ್ಟ್ ಜೇಬಲ್ಲಿ, ಒಂದು ಆಟೋ ಡಬ್ಬೀಲಿ. ಸ್ಟ್ಯಾಂಡಲ್ಲಿ ಜೊತೆಗಾರರಿಗೂ ಹೇಳಿಡಿ, ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬೇಡಿ, ಮಗ್ಗುಲಿಗೆ ಮಲಗಿಸಿ 108 ಕರೀರಿ ಅಂತ.

ಡಾಕ್ಟರ್ ಹತ್ರ ಈ ವಾರಾನೇ ಹೋಗಿ, ನನ್ನ ಊಟ ಹೊತ್ತಿಗೆ ಸರಿಯಾಗಿ ಆಗಲ್ಲ, ನನ್ನ ಕೆಲ್ಸ ಹಿಂಗೆ ಅಂತ ಬಿಡಿಸಿ ಹೇಳಿ. ಹಿಂಗೆ ಇಳಿಸದೇ ಇರೋ ಬೇರೆ ಮಾತ್ರೆಗಳಿವೆ, ಕೆಲಸಕ್ಕೆ ತಕ್ಕ ಹಾಗೆ ಹೊತ್ತು ಬದಲಾಯಿಸೋಕೂ ಬರತ್ತೆ, ಆದ್ರೆ ನೀವು ಹೇಳಿದ್ರೆ ಮಾತ್ರ ಅವ್ರಿಗೆ ಗೊತ್ತಾಗೋದು. ಅಲ್ಲಿವರೆಗೂ ಮಾತ್ರೆ ನೀವಾಗೇ ಬಿಡ್ಬೇಡಿ, ತಿಂಡಿ ಮನೇಲೇ ತಿಂದು ಹೊರಡಿ.

ಪ್ರಶ್ನೆ: ಮುದ್ದೆಗೆ ಶುಗರ್ ಬರಲ್ಲ ಅಂತ ಮೂರು ಹೊತ್ತೂ ಮುದ್ದೆ, ರಾಗಿ ಗಂಜಿ ಕೊಡ್ತಿದೀವಿ. ಆದ್ರೂ ಶುಗರ್ ಇಳೀತಿಲ್ಲ.
(ಯಲಹಂಕದ ಓದುಗರು)

ಉತ್ತರ: ರಾಗಿಯೂ ಧಾನ್ಯವೇ, ಅದ್ರಲ್ಲೂ ಪಿಷ್ಟ ಇದೆ. ಪಾಲಿಷ್ ಅಕ್ಕಿಗಿಂತ ನಾರು ಜಾಸ್ತಿ, ಕ್ಯಾಲ್ಸಿಯಂ ಚೆನ್ನಾಗಿದೆ, ಅದಕ್ಕೆ ಒಳ್ಳೇದು, ಆದ್ರೆ ದೊಡ್ಡ ಮುದ್ದೆ ಎರಡು ತಿಂದ್ರೆ ಶುಗರ್ ಏರ್ಲೇಬೇಕು. ಒಂದು ಸಣ್ಣ ಮುದ್ದೆ, ಜೊತೆಗೆ ಬಸ್ಸಾರೋ ಹುರುಳಿ ಸಾರೋ, ತಟ್ಟೆ ಅರ್ಧ ಸೊಪ್ಪು ತರಕಾರಿ ಪಲ್ಯ, ಮುದ್ದೆ ಮೇಲೆ ಮತ್ತೆ ಅನ್ನ ಬೇಡ. ಗಂಜಿ ನಿಲ್ಸಿ, ತೆಳ್ಳಗೆ ಕುದಿಸಿದ ಹಿಟ್ಟು ಬೇಗ ಜೀರ್ಣ ಆಗಿ ಶುಗರ್ ಸರ್ರನೆ ಏರ್ಸತ್ತೆ. ಊಟ ಆಗಿ ಎರಡು ಗಂಟೆಗೆ ಗ್ಲುಕೋಮೀಟರಲ್ಲಿ ನೋಡಿ, ಮುದ್ದೆ ಎಷ್ಟು ದೊಡ್ಡದಿರ್ಬೇಕು ಅಂತ ಅದೇ ಹೇಳತ್ತೆ. ನೋಡೋ ಮುಂಚೆ ಕೈ ತೊಳೀರಿ, ಹಣ್ಣು ಮುಟ್ಟಿದ ಬೆರಳಲ್ಲಿ ನೋಡಿದ್ರೆ ಸುಳ್ಳು ನಂಬರ್ ಬರತ್ತೆ.

ಪ್ರಶ್ನೆ: ಅತ್ತೆಯವರನ್ನ ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡಿ ಇನ್ಸುಲಿನ್ ಬರೆದುಕೊಟ್ರು. ಮೊದಲನೇ ವಾರ ಸರಿ ಇತ್ತು. ಸಿರಿಂಜ್ ಖಾಲಿ ಆಯ್ತು ಅಂತ ಬೇರೆ ಮೆಡಿಕಲ್ಸಲ್ಲಿ ತಂದ್ವಿ, ಆಮೇಲೆ ಶುಗರ್ 300 ಮೇಲೇ ಇದೆ. ಡೋಸ್ ಅದೇ ಕೊಡ್ತಿದೀನಿ. ಹೊಟ್ಟೇಲಿ ಚುಚ್ಚೋ ಜಾಗದಲ್ಲಿ ಗಂಟು ಥರಾನೂ ಆಗಿದೆ.
(ಕೆಂಗೇರಿಯ ಓದುಗರು)

ಉತ್ತರ: ಇದನ್ನ ಓದಿದ ತಕ್ಷಣ ಎದ್ದು ಹೋಗಿ ಸಿರಿಂಜ್ ಮುಚ್ಚಳದ ಬಣ್ಣ ನೋಡಿ. ನಮ್ಮಲ್ಲಿ ಸಿಗೋ ಇನ್ಸುಲಿನ್ ಬಾಟ್ಲಿಗಳಲ್ಲಿ ಹೆಚ್ಚಿನವು ಒಂದು ಎಂಎಲ್‌ಗೆ 40 ಯೂನಿಟ್ ಇರೋವು, ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100ರ ಇನ್ಸುಲಿನ್‌ಗೆ. 40ರ ಬಾಟ್ಲಿಗೆ 100ರ ಸಿರಿಂಜ್ ಹಾಕಿ 20ರ ಗೆರೆವರೆಗೂ ಎಳೆದ್ರೆ ಒಳಗೆ ಹೋಗೋದು ಬರೀ 8 ಯೂನಿಟ್. ಉಲ್ಟಾ ಆದ್ರೆ ಇನ್ನೂ ಭಯ, 100ರ ಇನ್ಸುಲಿನ್ನನ್ನ 40ರ ಸಿರಿಂಜಲ್ಲಿ 20ರ ಗೆರೆಗೆ ಎಳೆದ್ರೆ 50 ಯೂನಿಟ್ ಹೋಗತ್ತೆ, ಪ್ರಾಣಕ್ಕೇ ಬರತ್ತೆ. ಬಾಟ್ಲಿ ಮೇಲೆ ಬರೆದಿರೋ ನಂಬರ್, ಸಿರಿಂಜ್ ಮೇಲಿನ ನಂಬರ್ ಎರಡೂ ಒಂದೇ ಇರ್ಬೇಕು, ಪ್ರತಿ ಸಲ ತಂದಾಗ್ಲೂ ನೋಡಿ. ಶುಗರ್ 300 ಮೇಲೆ ನಿಂತಿದೆ ಅಂದ್ರೆ ಇವತ್ತೇ ಡಾಕ್ಟರ್‌ಗೆ ಫೋನ್ ಮಾಡಿ, ವಾಂತಿ, ಹೊಟ್ಟೆನೋವು, ಮಂಪರು ಇದ್ರೆ ಫೋನೂ ಬೇಡ, ನೇರ ಆಸ್ಪತ್ರೆಗೆ.

ಗಂಟು ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಆಗಿರೋದು. ಅಲ್ಲಿ ನೋವಾಗಲ್ಲ ಅಂತ ಎಲ್ಲರೂ ಅಲ್ಲೇ ಚುಚ್ತಾರೆ, ಆದ್ರೆ ಆ ಗಂಟಿಂದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರಲ್ಲ. ಹೊಕ್ಕಳಿಂದ ಎರಡು ಬೆರಳು ಬಿಟ್ಟು, ಇವತ್ತು ಬಲಗಡೆ, ನಾಳೆ ಅದರಿಂದ ಒಂದು ಬೆರಳು ಪಕ್ಕಕ್ಕೆ, ಮುಂದಿನ ವಾರ ಎಡಗಡೆ, ತೊಡೆಯ ಹೊರಭಾಗವೂ ಆಗತ್ತೆ. ಗಂಟಿರೋ ಜಾಗ ಬಿಟ್ಟು ಹೊಸ ಜಾಗಕ್ಕೆ ಹೋದಾಗ ಅದೇ ಡೋಸಿಗೆ ಶುಗರ್ ಜಾಸ್ತಿ ಇಳಿಯಬಹುದು, ಹಾಗಾಗಿ ಡಾಕ್ಟರ್‌ಗೆ ಹೇಳೇ ಬದಲಾಯಿಸಿ, ಆ ದಿನಗಳಲ್ಲಿ ಹೆಚ್ಚು ಸಲ ನೋಡಿ. ತೆರೆಯದ ಬಾಟ್ಲಿ ಫ್ರಿಜ್ಜಲ್ಲಿರ್ಲಿ, ಫ್ರೀಜರಲ್ಲಿ ಬೇಡವೇ ಬೇಡ, ಒಂದ್ಸಲ ಗಟ್ಟಿ ಆದ್ರೆ ಎಸೀಬೇಕು. ತೆರೆದಿದ್ದು ನಾಲ್ಕು ವಾರದ ಒಳಗೆ ಮುಗೀಬೇಕು, ತೆರೆದ ತಾರೀಕು ಬಾಟ್ಲಿ ಮೇಲೇ ಬರೀರಿ. ಮಸುಕು ಮಸುಕಾಗಿರೋ ಇನ್ಸುಲಿನ್ ಆದ್ರೆ ಅಂಗೈಲಿ ಹತ್ತು ಸಲ ಹೊರಳಿಸಿ, ಕುಲುಕ್ಬೇಡಿ.

ಅತ್ತೆಯವರಿಗೆ ಕಣ್ಣು ಕಾಣತ್ತೆ, ಕೈ ನಡುಗಲ್ಲ ಅಂದ್ರೆ ನಿಧಾನಕ್ಕೆ ಅವ್ರಿಗೇ ಕಲಿಸಿ. ಬಾಯಲ್ಲಿ ಹೇಳಿದ್ರೆ ಸಾಲದು, ನೀವೇ ಎಳೆದು ತೋರ್ಸಿ ಅನ್ನಿ, ತಪ್ಪಿದ್ರೆ ಅಲ್ಲೇ ತಿದ್ದಬಹುದು. ನೀವು ಒಂದಿನ ತವರಿಗೆ ಹೋಗ್ಬೇಕಾದ್ರೂ ನೆಮ್ಮದಿಯಾಗಿ ಹೋಗ್ಬಹುದು.

ಪ್ರಶ್ನೆ: ಬಿಪಿ ಈಗ ನಾರ್ಮಲ್ ಬರ್ತಿದೆ. ಮಾತ್ರೆ ನಿಲ್ಸಿ ಹಾಗಲಕಾಯಿ ಜ್ಯೂಸ್, ಮೆಂತ್ಯದಲ್ಲೇ ಇರಬಹುದಾ?
(ಮಲ್ಲೇಶ್ವರದ ಓದುಗರು)

ಉತ್ತರ: ನಾರ್ಮಲ್ ಬರ್ತಿರೋದು ಮಾತ್ರೆ ತಗೊಳ್ತಿರೋದ್ರಿಂದ. ನಿಲ್ಸಿದ್ರೆ ಕೆಲವೇ ದಿನದಲ್ಲಿ ಮತ್ತೆ ಏರತ್ತೆ, ಏರಿದ್ದು ನಿಮಗೆ ಗೊತ್ತೂ ಆಗಲ್ಲ, ತಲೆನೋವೂ ಬರಲ್ಲ. ತೂಕ ಇಳಿದು, ಉಪ್ಪು ಕಮ್ಮಿಯಾಗಿ, ದಿನಾ ನಡೆದು ನಿಜವಾಗ್ಲೂ ಬಿಪಿ ಇಳಿದಿದ್ರೆ ಡಾಕ್ಟರೇ ಡೋಸ್ ಕಮ್ಮಿ ಮಾಡ್ತಾರೆ. ಮಾತ್ರೆ ಬಿಡ್ಬೇಕು ಅನ್ಸೋಕೆ ಒಣಕೆಮ್ಮೋ ಕಾಲೂತವೋ ಕಾರಣ ಆಗಿದ್ರೆ ಅದನ್ನ ಹೇಳಿ, ಕೆಲವರಿಗೆ ಎನಾಲಾಪ್ರಿಲ್, ರಾಮಿಪ್ರಿಲ್‌ಗೆ ಕೆಮ್ಮು ಬರತ್ತೆ, ಆಮ್ಲೊಡಿಪಿನ್‌ಗೆ ಕಾಲು ಊದತ್ತೆ, ಬೇರೆ ಕೊಡ್ತಾರೆ. ದುಡ್ಡಿನ ತೊಂದ್ರೆ ಆಗಿದ್ರೆ ಮುಚ್ಚಿಡೋ ವಿಷ್ಯವೇ ಅಲ್ಲ, ‘ನಮ್ಮ ಕ್ಲಿನಿಕ್’ ಅನ್ನೋ ಸರ್ಕಾರಿ ಕ್ಲಿನಿಕ್ಕಲ್ಲಿ, ಸರ್ಕಾರಿ ಆಸ್ಪತ್ರೇಲಿ ಉಚಿತವಾಗಿ ನೋಡಿ ಮಾತ್ರೆ ಕೊಡ್ತಾರೆ, ಜನೌಷಧಿ ಅಂಗಡೀಲಿ ಕಮ್ಮಿಗೆ ಸಿಗತ್ತೆ. ಉಪ್ಪು ಇಡೀ ದಿನಕ್ಕೆ ಒಂದು ಟೀ ಚಮಚದ ಒಳಗೆ, ಉಪ್ಪಿನಕಾಯಿ ಹಪ್ಪಳ ಸಂಡಿಗೆ ಚಟ್ನಿಪುಡಿ ಎಲ್ಲಾ ಸೇರಿ. ಅಂಗಡೀಲಿ ಸಿಗೋ ಲೋ ಸೋಡಿಯಂ ಉಪ್ಪನ್ನ ಕೇಳದೆ ತರ್ಬೇಡಿ, ಅದ್ರಲ್ಲಿ ಪೊಟ್ಯಾಸಿಯಂ ಇರತ್ತೆ, ಕಿಡ್ನಿ ತೊಂದ್ರೆ ಇರೋರಿಗೆ, ಟೆಲ್ಮಿಸಾರ್ಟನ್ ಥರದ ಮಾತ್ರೆ ತಗೊಳೋರಿಗೆ ಅಪಾಯ ಆಗಬಹುದು.

ಪ್ರಶ್ನೆ: ಗಾರ್ಮೆಂಟ್ಸಲ್ಲಿ ಚೆಕಿಂಗ್ ಕೆಲ್ಸ, ದಿನಪೂರ್ತಿ ನಿಂತೇ ಇರ್ಬೇಕು. ಶುಗರ್ ಆರು ವರ್ಷದಿಂದ ಇದೆ. ರಾತ್ರಿ ಪಾದ ಉರಿ, ಹಗಲು ಜೋಮು. ಮೊನ್ನೆ ಕಾಲಲ್ಲಿ ಪಿನ್ ಚುಚ್ಕೊಂಡಿದ್ದು ಮನೆಗೆ ಬಂದು ರಕ್ತ ನೋಡಿದ್ಮೇಲೇ ಗೊತ್ತಾಗಿದ್ದು. ರಜೆ ಹಾಕಿದ್ರೆ ಸಂಬಳ ಕಟ್. ಬಾತ್ರೂಮಿಗೆ ಹೋಗೋದು ಕಷ್ಟ ಅಂತ ನೀರೂ ಕುಡಿಯಲ್ಲ.
(ಪೀಣ್ಯದ ಓದುಗರು)

ಉತ್ತರ: ಅಕ್ಕ, ನಿಮ್ಮ ಪತ್ರ ಓದಿ ಬಹಳ ಹೊತ್ತು ಯೋಚ್ನೆ ಮಾಡ್ದೆ. ಪಿನ್ ಚುಚ್ಚಿದ್ದು ಗೊತ್ತಾಗ್ಲಿಲ್ಲ ಅಂದ್ರೆ ಪಾದದ ನರಗಳು ಸ್ಪರ್ಶ ಕಳ್ಕೊಳ್ತಿವೆ. ಇಂಥ ಪಾದದಲ್ಲಿ ಗಾಯ ಆದ್ರೆ ನೋವು ಇರಲ್ಲ, ನೋವಿಲ್ಲ ಅಂತ ನಡೀತಾನೇ ಇರ್ತೀವಿ, ಗಾಯ ಒಳಗಡೆ ಹೋಗತ್ತೆ, ಬೆರಳು ತೆಗೆಯೋ ಹಂತಕ್ಕೆ ಬಂದವ್ರನ್ನ ವಾರ್ಡಲ್ಲಿ ನೋಡಿದೀನಿ. ನೀವು ಈಗ್ಲೇ ಬರೆದಿದೀರ, ಈಗ ಶುರು ಮಾಡಿದ್ರೆ ಪಾದ ಉಳಿಸ್ಕೋಬಹುದು. ಪಿನ್ ಚುಚ್ಚಿದ ಜಾಗ ಕೆಂಪಾಗಿದ್ಯಾ, ಬಿಸಿ ಇದ್ಯಾ, ಕೀವು ಇದ್ಯಾ ಇವತ್ತೇ ನೋಡಿ, ಇದ್ರೆ ನಾಳೆಗೆ ಇಡ್ಬೇಡಿ. ಟಿಟಿ ಇಂಜೆಕ್ಷನ್ ಬೇಕಾ ಅಂತಾನೂ ಕೇಳಿ.

ದಿನಾ ರಾತ್ರಿ ಪಾದ ನೋಡ್ಕೊಳಿ. ಅಡಿ ಕಾಣ್ಸಲ್ಲ ಅಂದ್ರೆ ಕನ್ನಡಿ ನೆಲದ ಮೇಲಿಟ್ಟು ನೋಡಿ, ಇಲ್ಲಾ ಮಕ್ಕಳ ಹತ್ರ ಹೇಳಿ. ಉಗುರುಬೆಚ್ಚಗಿನ ನೀರಲ್ಲಿ ತೊಳೀರಿ, ನೀರಿನ ಬಿಸಿ ಪಾದದಿಂದ ಅಲ್ಲ ಮೊಣಕೈಯಿಂದ ನೋಡಿ. ಬೆರಳ ಸಂದಿ ಚೆನ್ನಾಗಿ ಒರೆಸಿ, ಕೊಬ್ಬರಿ ಎಣ್ಣೆ ಅಡಿಗೆ ಹಚ್ಚಿ, ಸಂದಿಗೆ ಬೇಡ. ಉರಿ ಅಂತ ಬಿಸಿನೀರಿನ ಬ್ಯಾಗ್ ಇಡ್ಬೇಡಿ, ಆಣಿಗೆ ಅಂಗಡೀಲಿ ಸಿಗೋ ಪಟ್ಟಿ ಅಂಟಿಸ್ಬೇಡಿ, ಬ್ಲೇಡಲ್ಲಿ ಕುಯ್ಯಬೇಡಿ. ಮನೆ ಒಳಗೂ ಚಪ್ಪಲಿ ಹಾಕಿ, ಕೆಲಸದಲ್ಲಿ ಮುಂದೆ ಮುಚ್ಚಿರೋ ಮೆತ್ತನೆ ಚಪ್ಪಲಿ, ಹಾಕೋ ಮುಂಚೆ ಒಳಗೆ ಕೈ ಹಾಕಿ ಪಿನ್ನೋ ಕಲ್ಲೋ ಇದ್ಯಾ ನೋಡಿ. ಶುಗರ್ ಪಾದಕ್ಕೆ ಅಂತಾನೇ ಎಂಸಿಆರ್ ಅನ್ನೋ ಮೆತ್ತನೆ ರಬ್ಬರ್ ಚಪ್ಪಲಿ ಸಿಗತ್ತೆ. ದೇವಸ್ಥಾನಕ್ಕೆ ಹೋದಾಗ ಮಧ್ಯಾಹ್ನದ ಕಾದ ಕಲ್ಲ ಮೇಲೆ ಪ್ರದಕ್ಷಿಣೆ ಬೇಡ, ಬೆಳಗ್ಗೆ ಹೊತ್ತೇ ಹೋಗಿ ಬನ್ನಿ.

ಗಾರ್ಮೆಂಟ್ಸಲ್ಲಿದ್ರೆ ಸಂಬಳದಲ್ಲಿ ಇಎಸ್‌ಐ, ಅಂದ್ರೆ ಕಾರ್ಮಿಕರ ವಿಮೆ, ಕಟ್ ಆಗ್ತಿರತ್ತೆ, ಪೇ ಸ್ಲಿಪ್ ನೋಡಿ. ಪೀಣ್ಯದಲ್ಲೂ ರಾಜಾಜಿನಗರದಲ್ಲೂ ಇಎಸ್‌ಐ ಆಸ್ಪತ್ರೆ ಇದೆ. ಅಲ್ಲಿನ ಡಾಕ್ಟರ್ ರಜೆ ಸರ್ಟಿಫಿಕೇಟ್ ಕೊಟ್ರೆ, ನಿಯಮದ ಪ್ರಕಾರ ವಂತಿಗೆ ಕಟ್ಟಿರೋರಿಗೆ ಸಾಮಾನ್ಯವಾಗಿ ಮೊದಲ ಎರಡು ದಿನ ಬಿಟ್ಟು ಮಿಕ್ಕ ದಿನಗಳಿಗೆ ಕೂಲಿಯ ನೂರಕ್ಕೆ 70 ಭಾಗ ಸಿಗತ್ತೆ, ಅದು ನಿಮ್ಮ ದುಡ್ಡೇ, ಕೇಳೋಕೆ ಸಂಕೋಚ ಬೇಡ. ಹೋದಾಗ ಪಾದದ ಸ್ಪರ್ಶ ಪರೀಕ್ಷೆ, ಮೂರು ತಿಂಗಳ ಸರಾಸರಿ ತೋರ್ಸೋ ಎಚ್‌ಬಿಎ1ಸಿ, ಕಿಡ್ನಿ ಹೇಗಿದೆ ನೋಡೋಕೆ ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್, ಹನಿ ಹಾಕಿ ನೋಡೋ ಕಣ್ಣಿನ ಪರೀಕ್ಷೆ ಇಷ್ಟನ್ನೂ ಕೇಳಿ, ಒಂದೇ ರಜೇಲಿ ಆದಷ್ಟು ಮುಗಿಸ್ಕೊಳಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡೋರಿಗೆ ಬಿ12 ಕಮ್ಮಿ ಆಗಿ ಉರಿ, ಜೋಮು ಬರೋದೂ ಇದೆ, ಅದನ್ನೂ ನೋಡಿಸಿ. ನೀರು ಮಾತ್ರ ಬಿಡ್ಬೇಡಿ, ಶುಗರ್ ಇದ್ದು ನೀರು ಕುಡಿಯದೇ ಮೂತ್ರ ತಡೆದ್ರೆ ಸೋಂಕು ಬೇಗ ಬರತ್ತೆ. ಲೈನಲ್ಲಿ ನಿಮ್ಮ ಹಾಗೇ ಶುಗರ್ ಇರೋ ಇನ್ನೂ ನಾಲ್ಕು ಜನ ಇದ್ದೇ ಇರ್ತಾರೆ, ಅವ್ರ ಜೊತೆ ಸೇರಿ ಸೂಪರ್‌ವೈಸರ್ ಹತ್ರ ಒಟ್ಟಿಗೆ ಮಾತಾಡಿ.

ಪ್ರಶ್ನೆ: ಅಪ್ಪನಿಗೆ 74, ಬಿಪಿ ಶುಗರ್ ಎರಡೂ. ಸ್ವೀಟ್ ಬಚ್ಚಿಟ್ಕೊಂಡು ತಿಂತಾರೆ, ಕೇಳಿದ್ರೆ ಸುಳ್ಳು ಹೇಳ್ತಾರೆ. ನಾವು ಕೆಲಸಕ್ಕೆ ಹೋಗೋದ್ರಿಂದ ಏಜೆನ್ಸಿಯಿಂದ ಒಬ್ಬ ಅಟೆಂಡರ್ ಇಟ್ಟಿದೀವಿ, ಬೀರುಗೆ ಬೀಗ ಹಾಕಿದೀವಿ. ಅಪ್ಪ ಈಗ ಮಾತೇ ಆಡಲ್ಲ.
(ಜಯನಗರದ ಓದುಗರು)

ಉತ್ತರ: ಬೀಗ ಇವತ್ತೇ ತೆಗೀರಿ. ನಿಮ್ಮ ಕಾಳಜಿ ನನಗೆ ಅರ್ಥ ಆಗತ್ತೆ, ಆದ್ರೆ ಮನೆ ನಡೆಸಿದ ಮನುಷ್ಯ, ತನ್ನ ಮನೇಲೇ ಕದ್ದು ತಿನ್ನೋ ಹಾಗೆ ಆಗಿದ್ರೆ ಅವ್ರು ಸುಳ್ಳು ಹೇಳ್ದೆ ಇನ್ನೇನು ಮಾಡ್ತಾರೆ. ಕದ್ದು ತಿಂದ ಸ್ವೀಟಿಗಿಂತ ಮುಚ್ಚಿಟ್ಟ ಲೆಕ್ಕ ಜಾಸ್ತಿ ಅಪಾಯ, ಯಾಕಂದ್ರೆ ಆ ಸುಳ್ಳು ಲೆಕ್ಕದ ಮೇಲೇ ಡಾಕ್ಟರ್ ಡೋಸ್ ಬರೀತಾರೆ.

ಈ ವಯಸ್ಸಲ್ಲಿ ಎಚ್‌ಬಿಎ1ಸಿ 7ರ ಕೆಳಗೇ ಇರ್ಬೇಕು ಅಂತ ಎಲ್ಲರಿಗೂ ಇಲ್ಲ, ಬೇರೆ ಕಾಯಿಲೆಗಳಿದ್ರೆ 8ರ ಹತ್ರ ಇದ್ರೂ ಸಾಕು ಅಂತ ಡಾಕ್ಟರ್‌ಗಳು ಒಪ್ಪೋದುಂಟು, ಲೋ ಶುಗರ್ ಆಗಿ ಬೀಳದೇ ಇರೋದು ಅದಕ್ಕಿಂತ ಮುಖ್ಯ. ಅಪ್ಪನ್ನೂ ಕರ್ಕೊಂಡು ಹೋಗಿ, ಡಾಕ್ಟರ್ ಅವ್ರ ಜೊತೇನೇ ಮಾತಾಡ್ಲಿ, ನೀವು ಪಕ್ಕದಲ್ಲಿ ಕೂತಿರಿ. ಗ್ಲುಕೋಮೀಟರ್ ಅವ್ರ ಕೈಗೆ ಕೊಡಿ. ಹಬ್ಬಕ್ಕೆ ಅರ್ಧ ಹೋಳಿಗೆ ತಿಂತೀನಿ, ಆ ಹೊತ್ತು ಅನ್ನ ಬಿಡ್ತೀನಿ ಅಂತ ಅವ್ರೇ ಲೆಕ್ಕ ಹಾಕ್ಲಿ, ಎರಡು ಗಂಟೆ ಬಿಟ್ಟು ಅವ್ರೇ ನೋಡ್ಕೊಳ್ಲಿ. ಊಟದಲ್ಲಿ ಯಾವ್ದನ್ನ ಬಿಡೋಕಾಗಲ್ಲ ಅಂತ ಕೇಳಿ, ಆ ಒಂದನ್ನ ಉಳಿಸಿ ಮಿಕ್ಕಿದ್ದನ್ನ ಸರಿ ಮಾಡ್ಬಹುದು.

ಅಟೆಂಡರ್ ಕೆಲ್ಸ ಏನು ಅಂತ ಹಾಳೆ ಮೇಲೆ ಬರೆದು ಕೊಡಿ. ವಾರದ ಮಾತ್ರೆ ಡಬ್ಬಿ ನೀವು ತುಂಬ್ಸಿ, ಹೊತ್ತಿಗೆ ನೆನಪಿಸೋದು ಅವ್ರು. ಡೋಸ್ ಬದಲಾಯಿಸೋದು ಅವ್ರ ಕೆಲ್ಸ ಅಲ್ಲ. ಬೆಳಗ್ಗೆ ಹಾಸಿಗೆಯಿಂದ ಏಳೋವಾಗ ಒಂದೆರಡು ನಿಮಿಷ ಕೂತು ಆಮೇಲೆ ನಿಲ್ಲಿಸ್ಲಿ, ಬಿಪಿ ಮಾತ್ರೆ ತಗೊಳೋ ಶುಗರ್ ಇರೋರಿಗೆ ಎದ್ದ ತಕ್ಷಣ ಬಿಪಿ ಕುಸಿದು ಬೀಳೋದು ಬಹಳ. ಸಂಜೆ ಪಾರ್ಕಿಗೆ ಕರ್ಕೊಂಡು ಹೋಗ್ಲಿ, ಅಲ್ಲಿ ಹಳೇ ಸ್ನೇಹಿತರು ಸಿಗ್ತಾರೆ. ಇಷ್ಟಾದ್ಮೇಲೂ ಎರಡು ವಾರ ಮಾತಿಲ್ಲ, ನಿದ್ದೆ ಇಲ್ಲ, ಯಾವುದ್ರಲ್ಲೂ ಆಸಕ್ತಿ ಇಲ್ಲ ಅಂದ್ರೆ ಖಿನ್ನತೆ ಇರಬಹುದು, ಶುಗರ್ ಇರೋರಲ್ಲಿ ಅದು ಹೆಚ್ಚು, ಅದಕ್ಕೂ ಚಿಕಿತ್ಸೆ ಇದೆ, ಡಾಕ್ಟರ್‌ಗೆ ಹೇಳಿ.

ಪ್ರಶ್ನೆ: ಮನೇಲಿ ಇನ್ಸುಲಿನ್ ಸೂಜಿ, ಗ್ಲುಕೋಮೀಟರ್ ಸೂಜಿ ಎಲ್ಲ ಕಸದ ಬುಟ್ಟಿಗೇ ಹಾಕ್ತಿದೀವಿ, ಸರೀನಾ?
(ಬನಶಂಕರಿಯ ಓದುಗರು)

ಉತ್ತರ: ಸರಿ ಅಲ್ಲ, ಕೇಳಿದ್ದು ಒಳ್ಳೇದಾಯ್ತು. ಕಸ ಬೇರ್ಪಡಿಸೋ ಪೌರಕಾರ್ಮಿಕರು ಕೈ ಹಾಕೋದು ಅದೇ ಬುಟ್ಟಿಗೆ, ಚುಚ್ಚಿದ್ರೆ ಹೆಪಟೈಟಿಸ್ ಬಿ ಥರದ ಸೋಂಕು ಅಂಟಬಹುದು. ದಪ್ಪ ಪ್ಲಾಸ್ಟಿಕ್ ಡಬ್ಬಿ, ಫಿನಾಯಿಲ್ ಕ್ಯಾನೋ ಡಿಟರ್ಜೆಂಟ್ ಬಾಟ್ಲಿನೋ ಒಂದು ಇಟ್ಕೊಳಿ, ಸೂಜಿ ಉಪಯೋಗಿಸಿದ ತಕ್ಷಣ ಅದಕ್ಕೆ ಹಾಕಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿಯಾಗಿ ಹಾಕಿ ಟೇಪ್ ಸುತ್ತಿ, ಮೇಲೆ ಸೂಜಿ ಇದೆ ಅಂತ ದೊಡ್ಡದಾಗಿ ಬರೀರಿ. ನೀವು ತೋರ್ಸೋ ಆಸ್ಪತ್ರೇಲೋ ಲ್ಯಾಬಲ್ಲೋ ತಗೋತಾರಾ ಕೇಳಿ, ಮೊದಲು ಅಲ್ಲಿಗೇ ಕೊಡಿ. ತಗೊಳ್ಳಲ್ಲ ಅಂದ್ರೆ ಪೇಪರಲ್ಲಿ ಸುತ್ತಿ ಕೆಂಪು ಗುರುತು ಹಾಕಿ, ಸ್ಯಾನಿಟರಿ ಕಸದ ಜೊತೆ ಬೇರೆಯಾಗಿ ಗಾಡಿಯವ್ರ ಕೈಗೇ ಕೊಟ್ಟು, ಒಳಗೆ ಸೂಜಿ ಇದೆ ಅಂತ ಬಾಯ್ಬಿಟ್ಟು ಹೇಳಿ.